ಗೇಮ್ ಬೆಂಚ್‌ಮಾರ್ಕ್ ನೋಡಿ ಪ್ರೊಸೆಸರ್ ತಗೋಬಹುದಾ?

ಹಗಲು ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಆ್ಯಪ್ ಬರೆಯೋದು, ರಾತ್ರಿ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಲ್ಲಿ 1440ಪಿ ರೆಸಲ್ಯೂಶನ್ ಗೇಮಿಂಗ್ ಅಂದಿದೀರ, ರಿವ್ಯೂಗಳಲ್ಲಿ ಬರೋ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚಾರ್ಟ್ ನಂಬಬಹುದಾ ಅಂತ ಕೇಳಿದೀರ. ಚಾರ್ಟ್ ಸುಳ್ಳು ಹೇಳಲ್ಲ, ಆದ್ರೆ ಅದು ಅಳೆಯೋದು ಪ್ರೊಸೆಸರ್‌ನ ಒಂದು ಗುಣವನ್ನ ಮಾತ್ರ.

ಎಎಂಡಿಯ ರೈಜನ್ 7 5800ಎಕ್ಸ್ ಪ್ರೊಸೆಸರ್ ಮತ್ತೆ 2022ರಲ್ಲಿ ಬಂದ 5800ಎಕ್ಸ್3ಡಿ ನೋಡಿ. ಎರಡರಲ್ಲೂ ಅದೇ ಝೆನ್ 3 ವಿನ್ಯಾಸ, ಅದೇ 8 ಕೋರ್ (ಲೆಕ್ಕ ಮಾಡೋ ಘಟಕ). ಎರಡನೇದರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರೋ ವೇಗದ ಮೆಮೊರಿ) 32ರಿಂದ 96 ಎಂಬಿಗೆ ಏರಿಸಿ, ಬೂಸ್ಟ್ (ಗರಿಷ್ಠ) ಸ್ಪೀಡನ್ನ 4.7ರಿಂದ 4.5 ಗಿಗಾಹರ್ಟ್ಸ್‌ಗೆ ಇಳಿಸಿದ್ರು. ಗೇಮ್‌ಗಳಲ್ಲಿ ಅದು ಸಲೀಸಾಗಿ ಮುಂದೆ ಹೋಯ್ತು, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಚಿತ್ರ ರೆಂಡರ್ ಮಾಡೋದ್ರಲ್ಲಿ ಹಳೇದಕ್ಕಿಂತ ಸ್ವಲ್ಪ ಹಿಂದೇನೇ ಉಳೀತು. ಯಾಕಂದ್ರೆ 60 ಎಫ್‌ಪಿಎಸ್ ಬೇಕಂದ್ರೆ ಪ್ರತಿ ಫ್ರೇಮ್ 16.7 ಮಿಲಿಸೆಕೆಂಡ್‌ನಲ್ಲಿ ಮುಗೀಬೇಕು, ಅಷ್ಟರೊಳಗೆ ಗೇಮಿನ ಮುಖ್ಯ ಥ್ರೆಡ್ (ಒಂದೇ ಕೋರಲ್ಲಿ ಓಡೋ ಕೆಲಸದ ಸಾಲು) ಮೆಮೊರಿಲಿ ಅಲ್ಲೊಂದು ಇಲ್ಲೊಂದು ಬಿದ್ದಿರೋ ಡೇಟಾ ಹೆಕ್ಕಬೇಕು, ಪ್ರತಿ ಸಲ ರ‍್ಯಾಮ್‌ಗೆ ಕಾಯ್ತಾ ಕೂತ್ರೆ ಪಕ್ಕದಲ್ಲಿ ಎಷ್ಟು ಕೋರ್ ಇದ್ರೂ ಉಪಯೋಗ ಇಲ್ಲ, ಹಾಗಾಗಿ ದೊಡ್ಡ ಕ್ಯಾಶ್ ಇದ್ದದ್ದು ಗೆಲ್ಲುತ್ತೆ. ರೆಂಡರ್, ಕಂಪೈಲ್ (ಬರೆದ ಕೋಡನ್ನ ಓಡೋ ಪ್ರೋಗ್ರಾಂ ಮಾಡೋದು) ಹಾಗಲ್ಲ, ಕೆಲಸ ಹಂಚಿಕೊಂಡು ಎಲ್ಲಾ ಕೋರ್‌ಗಳೂ ದುಡೀತವೆ. ದೊಡ್ಡ ಕ್ಯಾಶಿರೋ 8 ಕೋರಿನ 7800ಎಕ್ಸ್3ಡಿ ಗೇಮಲ್ಲಿ 16 ಕೋರಿನ 7950ಎಕ್ಸ್‌ನ ಹಿಂದೆ ಹಾಕುತ್ತೆ, ಅದೇ ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡಿದ್ರೆ 7950ಎಕ್ಸ್ ಹತ್ರಾನೂ ಬರಕ್ಕಾಗಲ್ಲ.

ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ ಕಡಿಮೆ ರೆಸಲ್ಯೂಶನ್ ಆದ 1080ಪಿಲಿ ಟೆಸ್ಟ್ ಮಾಡೋದು ಮೋಸ ಅಂತ ಸುಮಾರು ಜನ ಬೈತಾರೆ, ನಾನು ಒಪ್ಪಲ್ಲ. 4ಕೆಗೆ ಹೋದ್ರೆ ಕಾರ್ಡೇ ಸುಸ್ತಾಗಿ ಹೆಚ್ಚಿನ ಪ್ರೊಸೆಸರ್‌ಗಳೆಲ್ಲ ಒಂದೇ ನಂಬರ್ ತೋರಿಸ್ತವೆ, ಆಗ ಅಳೆದಿದ್ದು ಕಾರ್ಡನ್ನ, ಪ್ರೊಸೆಸರನ್ನಲ್ಲ. ನನಗೆ ಬೇಜಾರಾಗೋದು ಬರೀ ಆವರೇಜ್ ಎಫ್‌ಪಿಎಸ್ ಕೊಟ್ಟು ಕೈ ತೊಳ್ಕೊಳ್ಳೋರ ಬಗ್ಗೆ. ಆಡುವಾಗ ತಡೆತಡೆದು ಓಡೋದು ಗೊತ್ತಾಗೋದು 1% ಲೋ ನಂಬರಲ್ಲಿ (ಅತಿ ನಿಧಾನದ 1% ಫ್ರೇಮ್‌ಗಳ ಎಫ್‌ಪಿಎಸ್), ಅದಿಲ್ಲದ ಚಾರ್ಟ್ ನಾನು ನೋಡೋದೇ ಇಲ್ಲ.

ನೀವು ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ನಿಮ್ಮ ಗೇಮನ್ನೇ ಆಡಿ, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಯೂಸೇಜ್ ನೋಡಿ. 97-99%ರಲ್ಲೇ ನಿಂತಿದ್ರೆ ಹೊಸ ಪ್ರೊಸೆಸರ್ ತಂದ್ರೂ ಎಫ್‌ಪಿಎಸ್ ಹೆಚ್ಚೇನೂ ಏರಲ್ಲ. 4060, 1440ಪಿ ಅಂದ್ರೆ ಬಹುತೇಕ ಹಾಗೇ ಇರುತ್ತೆ, ಅದಕ್ಕೇ ಎಕ್ಸ್3ಡಿಗೆ ಕೊಡೋ ದುಡ್ಡನ್ನ ಜಾಸ್ತಿ ಕೋರ್‌ಗೆ, 32 ಜಿಬಿ ರ‍್ಯಾಮ್‌ಗೆ ಹಾಕಿ, ದಿನಾ ಬಿಲ್ಡ್ (ಆ್ಯಪಿನ ಕಂಪೈಲ್) ಮುಗಿಯೋಕೆ ಕಾಯೋ ಹೊತ್ತಾದ್ರೂ ಕಮ್ಮಿಯಾಗುತ್ತೆ.