ಟೆಸ್ಟ್ ಕೆಟ್ಟಿದ್ದು ಒಂದು ಕಡೆ, ಡಿಬಗ್ಗರ್ ನಿಂತಿದ್ದು ಇನ್ನೊಂದು ಕಡೆ

ಪ್ರಶ್ನೆ: ಮೇಡಂ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಪೈಥಾನ್‌ನಲ್ಲಿ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಓಟಿ, ಅಂದರೆ ಔಟ್‌ಟರ್ನ್ (50 ಕೆ.ಜಿ. ಮೂಟೆ ಚೆರ್ರಿಗೆ ಸಿಗುವ ಬೀಜದ ತೂಕ), ಸರಿ ಇದೆಯಾ ಅಂತ ನೋಡಲು ಒಂದು ಸಣ್ಣ ಫಂಕ್ಷನ್ ಮಾಡಿಕೊಂಡಿದ್ದೇನೆ. ನಲವತ್ತು ಟೆಸ್ಟ್‌ಗಳು ಅದನ್ನೇ ಕರೆಯುತ್ತವೆ. ಯಾವ ಟೆಸ್ಟ್ ಫೇಲಾದರೂ ಡಿಬಗ್ಗರ್ (ತಪ್ಪು ಹುಡುಕುವ ಸಾಧನ) ಆ ಫಂಕ್ಷನ್‌ನ ಒಳಗೇ ನಿಲ್ಲುತ್ತದೆ. ಕರೆದ ಜಾಗದಲ್ಲಿ ನಿಲ್ಲಿಸೋದು ಹೇಗೆ? ಹಾಸನದಲ್ಲಿರುವ ಗೆಳೆಯ ಸಿ ಭಾಷೆಯಲ್ಲಿ ಬರೀತಾನೆ, ಅವನದ್ದೂ ಇದೇ ಗೋಳು.

ಉತ್ತರ: ಡಿಬಗ್ಗರ್‌ದು ತಪ್ಪಿಲ್ಲ. ಅಸರ್ಟ್, ಅಂದರೆ 'ಇದು ನಿಜ ಇರಲೇಬೇಕು' ಅನ್ನೋ ತಪಾಸಣೆ, ಸಿಡಿದ ಸಾಲು ಅದೇ ಅಲ್ವಾ, ಅಲ್ಲೇ ನಿಲ್ಲುತ್ತದೆ. ಆದರೆ ಅಲ್ಲಿ ಕಾಣೋದು ಎರಡೇ ಸಂಖ್ಯೆ: ಉದಾಹರಣೆಗೆ, ಬರಬೇಕಾದ್ದು 27, ಬಂದಿದ್ದು 2.7. ಕರೆದ ಟೆಸ್ಟ್‌ಗೆ ಒಂದು ಮೆಟ್ಟಿಲು ಹತ್ತಿ ನೋಡಿ. ಚೆರ್ರಿ 500 ಕೆ.ಜಿ., ಬೀಜ 27 ಕೆ.ಜಿ. ಅಂತಿರುತ್ತದೆ. ಹತ್ತು ಮೂಟೆ ಚೆರ್ರಿಯ ತೂಕಕ್ಕೆ ಒಂದೇ ಮೂಟೆಯ ಬೀಜದ ತೂಕ ಕೊಟ್ಟಿದ್ದೀರಿ! 50 ಕೆ.ಜಿ. ಮೂಟೆಗೆ ಲೆಕ್ಕ ಹಾಕಿದರೆ 2.7 ಬರದೆ ಇನ್ನೇನು ಬಂದೀತು?

ಸದ್ಯಕ್ಕೆ ಪೈಥಾನ್ ಜೊತೆಗೇ ಬರುವ ಡಿಬಗ್ಗರ್ ಪಿಡಿಬಿಯಲ್ಲಿ 'ಅಪ್' ಅಂತ ಒತ್ತಿದರೆ ಆ ಮೆಟ್ಟಿಲು ಹತ್ತಬಹುದು. ಪ್ರತಿ ಸಲ ಯಾರು ಒತ್ತುತ್ತಾ ಕೂರುತ್ತಾರೆ?

ಟೆಸ್ಟ್‌ಗಳನ್ನು ಓಡಿಸೋಕೆ ಪೈಟೆಸ್ಟ್ ಅನ್ನೋ ಸಾಧನ ಬಳಸುತ್ತಿದ್ದರೆ ದಾರಿ ಸುಲಭ. ನಿಮ್ಮ ಫಂಕ್ಷನ್‌ನ ಮೊದಲ ಸಾಲಿನಲ್ಲಿ 'ಟ್ರೇಸ್‌ಬ್ಯಾಕ್‌ಹೈಡ್' ಅನ್ನೋ ವೇರಿಯಬಲ್ ಇಟ್ಟು ಅದಕ್ಕೆ 'ಟ್ರೂ' ಕೊಡಿ. ಹೆಸರಿನ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್ ಇರಬೇಕು. ಆ ವೇರಿಯಬಲನ್ನು ಫಂಕ್ಷನ್ ಬಳಸುವುದೇ ಇಲ್ಲ, ಸುಮ್ನೆ ಕೂತಿರುತ್ತದೆ. ಆದರೆ ಪೈಟೆಸ್ಟ್ ಅದನ್ನು ಕಂಡು ಆ ಫಂಕ್ಷನನ್ನು ವರದಿಯಿಂದ ಬಿಡುತ್ತದೆ. ಪಿಡಿಬಿ ಆಯ್ಕೆ ಕೊಟ್ಟು ಓಡಿಸಿದ್ದರೆ ಕರೆದ ಸಾಲಿಗೇ ತಂದು ನಿಲ್ಲಿಸುತ್ತದೆ. ಇಂಥ ಒಂದು ಸಹಾಯಕ ಫಂಕ್ಷನ್, ಅಂದರೆ ಹೆಲ್ಪರ್, ಇನ್ನೊಂದನ್ನು ಕರೆಯುತ್ತಿದ್ದರೆ ಎರಡರಲ್ಲೂ ಇದನ್ನು ಬರೆಯಿರಿ. ಒಳಗಿನದರಲ್ಲಿ ಮರೆತರೆ ಅಲ್ಲೇ ನಿಲ್ಲುತ್ತದೆ. ಇದು ಪೈಟೆಸ್ಟ್‌ನ ಪದ್ಧತಿ, ಪೈಥಾನ್ ಭಾಷೆಯ ನಿಯಮ ಅಲ್ಲ. ಬೇರೆ ಡಿಬಗ್ಗರ್‌ಗಳೂ ಕೇಳುತ್ತವೆ ಅಂತ ನಂಬಿಕೊಳ್ಳಬೇಡಿ.

ಒಂದು ತಾಪತ್ರಯ ಇದೆ. ತಪ್ಪು ಹೆಲ್ಪರ್‌ನಲ್ಲೇ ಇದ್ದರೆ ಅದೂ ಮರೆಯಾಗುತ್ತದೆ. ಒಮ್ಮೆ ನಾನೇ ಡಿಕ್ಷನರಿಯ ಕೀ ತಪ್ಪಾಗಿ ಬರೆದು, ಏನೂ ಕೆಡದ ಟೆಸ್ಟನ್ನು ಅರ್ಧ ದಿನ ಕೆದಕಿದ್ದೆ. ಅನುಮಾನ ಬಂದರೆ 'ಡೌನ್' ಒತ್ತಿ ಒಳಗೆ ಇಳಿಯಿರಿ. ಹೆಲ್ಪರ್‌ನ ಫ್ರೇಮ್, ಅಂದರೆ ಕರೆಗಳ ಸಾಲಿನಲ್ಲಿ ಅದರ ಮೆಟ್ಟಿಲು, ಎಲ್ಲೂ ಹೋಗಿರುವುದಿಲ್ಲ. 'ಫುಲ್ ಟ್ರೇಸ್' ಆಯ್ಕೆ ಕೊಟ್ಟರೆ ವರದಿಯಲ್ಲೂ ಕಾಣುತ್ತದೆ.

ನಿಜ ಹೇಳಬೇಕೆಂದರೆ, ಇಷ್ಟು ಚಿಕ್ಕ ಹೆಲ್ಪರ್‌ಗೆ ನಾನು ಇದ್ಯಾವುದನ್ನೂ ಮಾಡುವುದಿಲ್ಲ. ಅದು ಸರಿ-ತಪ್ಪು ಅಂತ ಉತ್ತರ ಮಾತ್ರ ಕೊಡಲಿ, ಅಸರ್ಟ್ ಟೆಸ್ಟ್‌ನಲ್ಲೇ ಇರಲಿ. ಆಗ ನಿಲ್ಲುವುದೂ ಅಲ್ಲೇ. ಫಂಕ್ಷನ್‌ಗೆ ಏನು ಕೊಟ್ಟಿದ್ದಿರಿ ಅನ್ನೋದನ್ನೂ ಪೈಟೆಸ್ಟ್ ತೋರಿಸುತ್ತದೆ. ಒಳಗೆ ಐದಾರು ತಪಾಸಣೆ ಇದ್ದಾಗ ಮಾತ್ರ 'ಟ್ರೇಸ್‌ಬ್ಯಾಕ್‌ಹೈಡ್' ದಾರಿ ವಾಸಿ.

ಹಾಸನದ ಗೆಳೆಯರಿಗೆ: ಹೆಲ್ಪರನ್ನು ಫಂಕ್ಷನ್ ಬದಲು ಮ್ಯಾಕ್ರೋ ಮಾಡಿ. ಮ್ಯಾಕ್ರೋ ಕರೆದ ಜಾಗದಲ್ಲೇ ಬಿಚ್ಚಿಕೊಳ್ಳುತ್ತದೆ, ಅದರ ಕೋಡನ್ನು ಅಲ್ಲೇ ಬರೆದ ಹಾಗೆ. ಸಾಮಾನ್ಯ ಅಸರ್ಟ್ ಕೂಡ ಮ್ಯಾಕ್ರೋನೇ, ಆದರೆ ಅದು ಪ್ರೋಗ್ರಾಮನ್ನು ಅಲ್ಲೇ ಕೊಲ್ಲುವ 'ಅಬಾರ್ಟ್' ಫಂಕ್ಷನನ್ನು ಕರೆಯುವುದರಿಂದ ಸಿ ಡಿಬಗ್ಗರ್ ಆದ ಜಿಡಿಬಿ ಲೈಬ್ರರಿಯ ಹೊಟ್ಟೆಯೊಳಗೆ ನಿಲ್ಲುತ್ತದೆ, ಹಲವು ಸಲ 'ಅಪ್' ಒತ್ತಬೇಕು. ನಿಮ್ಮ ಮ್ಯಾಕ್ರೋದಲ್ಲಿ ಅದರ ಬದಲು ಜಿಸಿಸಿ, ಕ್ಲ್ಯಾಂಗ್ ಕಂಪೈಲರ್ ಎರಡರಲ್ಲೂ ಇರುವ 'ಬಿಲ್ಟಿನ್ ಟ್ರ್ಯಾಪ್' ಹಾಕಿದರೆ ಆ ಸಾಲಿನಲ್ಲೇ ನಿಲ್ಲುತ್ತದೆ. ಅಲ್ಲಿಂದ ಪ್ರೋಗ್ರಾಮ್ ಮುಂದೆ ಓಡಿಸೋಕೆ ಆಗಲ್ಲ, ಅದೊಂದು ಗೊತ್ತಿರಲಿ.