ನೀಲಿ ಲೈಟಿನಲ್ಲಿ ಕಪ್ಪು ಕಂಡರೆ ಕ್ಯಾನ್ಸರಾ?

ಓದುಗರ ಪ್ರಶ್ನೆಗೆ ಬಾಯಿ–ಕುತ್ತಿಗೆ ಕ್ಯಾನ್ಸರ್ ಸರ್ಜನ್ ಉತ್ತರ

"ಬಯಾಪ್ಸಿ ಯಾಕೆ ಡಾಕ್ಟ್ರೇ, ಲೈಟ್ ಟೆಸ್ಟ್ ಸಾಕಲ್ವಾ?" ಓಪಿಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿದೆ. ಬಯಾಪ್ಸಿ ಅಂದರೆ ಅನುಮಾನದ ಜಾಗದಿಂದ ಒಂದು ಚೂರು ತೆಗೆದು ಪರೀಕ್ಷಿಸೋದು. ಈ ಸಲ ಬಂದ ಪತ್ರಗಳಲ್ಲೂ ಅದೇ. ಹಾಗಾಗಿ ಒಂದಕ್ಕೆ ಉದ್ದವಾಗಿ ಬರೆದಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ತಂಬಾಕು ಬಿಡಿ ಅಂತ ಇಲ್ಲಿ ಉಪದೇಶ ಮಾಡೋದಿಲ್ಲ. ಪ್ಯಾಕೆಟ್ ಮೇಲೆ ಚಿತ್ರ ಸಮೇತ ಹಾಕಿದ್ದಾರೆ.

ಪ್ರಶ್ನೆ: ನಮ್ಮ ತಂದೆಗೆ 54 ವರ್ಷ. ಇಪ್ಪತ್ತು ವರ್ಷದಿಂದ ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಊರಿಗೆ ಬಂದ ದಂತ ಕ್ಯಾಂಪಿನಲ್ಲಿ ಬಾಯಿಗೆ ನೀಲಿ ಲೈಟ್ ಬಿಟ್ಟು ನೋಡಿದರು. ಎಡಗೆನ್ನೆ ಒಳಗೆ ಒಂದು ಕಡೆ ಕಪ್ಪಗೆ ಕಂಡಿತು, ಬಯಾಪ್ಸಿ ಮಾಡಿಸಿ ಅಂದರು. ಅದಾಗಿ ಒಂದೂವರೆ ತಿಂಗಳಾಯಿತು. ಚಾಕು ತಾಗಿದರೆ ಹರಡುತ್ತೆ ಅಂತ ದೊಡ್ಡಪ್ಪ ಬೇಡ ಅನ್ನುತ್ತಿದ್ದಾರೆ. ಮೂರು ತಿಂಗಳಿಗೊಮ್ಮೆ ಲೈಟ್ ಟೆಸ್ಟನ್ನೇ ಮಾಡಿಸುತ್ತಾ ಹೋದರೆ ಆಗೋದಿಲ್ವಾ? — ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಆಗೋದಿಲ್ಲ. ಈ ವಾರವೇ ಬಯಾಪ್ಸಿ ಮಾಡಿಸಿ. ಮಾಡಿಸಿ ಬಂದು ಮುಂದಿನದ್ದನ್ನು ಓದಿದರೂ ನಡೆಯುತ್ತೆ.

ಬ್ಯಾಂಕಿನಲ್ಲಿ ಕ್ಯಾಷಿಯರ್ ನೋಟನ್ನು ನೇರಳೆ ಲೈಟಿನ ಕೆಳಗೆ ಹಿಡಿಯುವುದನ್ನು ನೋಡಿದ್ದೀರಿ. ನೋಟಿನ ನಂಬರು, ದಾರ ಫಳಫಳ ಹೊಳೆಯುತ್ತವೆ. ನಮ್ಮ ಬಾಯಿಯ ಒಳಪದರಕ್ಕೂ ಹೀಗೆ ಹೊಳೆಯುವ ಗುಣ ಇದೆ, ಹುಟ್ಟಿನಿಂದಲೇ. ಸುಮಾರು 400ರಿಂದ 460 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದರೆ ಪದರದ ಕೆಳಗಿರುವ ಕೊಲಾಜೆನ್ ಅನ್ನುವ ನಾರು, ಕೋಶಗಳೊಳಗಿನ ಎಫ್‌ಎಡಿ ಅನ್ನುವ ಅಣು, ಎರಡೂ ತಿಳಿಹಸಿರು ಬೀರುತ್ತವೆ. ಫಿಲ್ಟರ್ ಹಾಕಿ ನೋಡಿದರೆ ಕೆನ್ನೆಯ ಒಳಗೆಲ್ಲ ಎಳೆ ಗರಿಕೆಯ ಬಣ್ಣ. ಕ್ಯಾನ್ಸರ್ ಕಡೆ ತಿರುಗಿದ ಜಾಗದಲ್ಲಿ ಕೊಲಾಜೆನ್ ಕರಗಿರುತ್ತದೆ, ಮೇಲಿನ ಪದರ ದಪ್ಪ ಆಗಿರುತ್ತದೆ, ರಕ್ತನಾಳ ಜಾಸ್ತಿ ಇರುತ್ತವೆ. ರಕ್ತವಂತೂ ನೀಲಿ ಬೆಳಕನ್ನು ನುಂಗಿಯೇ ಬಿಡುತ್ತದೆ. ಹಾಗಾಗಿ ಆ ಜಾಗ ಮಾತ್ರ ಕಪ್ಪು.

ಆದರೆ ಕಪ್ಪಾಗಲು ಕ್ಯಾನ್ಸರೇ ಬೇಕಿಲ್ಲ, ರಕ್ತ ಜಾಸ್ತಿ ಇದ್ದರೂ ಸಾಕು. ಮುರಿದ ಹಲ್ಲಿನ ಚೂಪು ತಾಗಿ ಆದ ಗಾಯ ಕಪ್ಪು. ಬಿಸಿ ಕಾಫಿ ಸುಟ್ಟ ಜಾಗ ಕಪ್ಪು. ಸೆಟ್ ಹಲ್ಲು ಒತ್ತಿದ ಜಾಗವೂ ಕಪ್ಪೇ. ನಾವು ಆ ಜಾಗವನ್ನು ಹಲ್ಲು ನೋಡುವ ಕನ್ನಡಿಯ ಬೆನ್ನಿಂದ ಮೆತ್ತಗೆ ಒತ್ತಿ ನೋಡುತ್ತೇವೆ. ರಕ್ತ ಸರಿದು ಹಸಿರು ವಾಪಸ್ ಬಂದರೆ ಬರೀ ಉರಿಯೂತ ಇರಬಹುದು. ಒತ್ತಿದರೂ ಕಪ್ಪಾಗಿಯೇ ಇದ್ದರೆ ಅನುಮಾನ ಗಟ್ಟಿ. ಗಮನಿಸಿ, ಆಗಲೂ ಅದು ಅನುಮಾನವೇ. ಎರಡು ವಾರ ಬಿಟ್ಟು ಮತ್ತೆ ನೋಡಬೇಕು, ಇನ್ನೂ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ನಿಮ್ಮ ತಂದೆಗೆ ಆರು ವಾರ ದಾಟಿದೆ.

ಕಪ್ಪಿಗಿಂತ ನನಗೆ ಭಯ ಹಸಿರಿನದು. "ಲೈಟ್ ಟೆಸ್ಟ್ ನಾರ್ಮಲ್" ಅಂತ ಸ್ಲಿಪ್ ಹಿಡಿದು ಬರುತ್ತಾರಲ್ಲ, ಅವರದ್ದು. ದಪ್ಪ ಬಿಳಿ ಮಚ್ಚೆಯ ಮೇಲಿನ ಕೆರಾಟಿನ್ ಅನ್ನುವ ಗಟ್ಟಿ ಪದರ ತಾನೇ ಹೊಳೆಯುತ್ತದೆ. ಅದರ ಅಡಿಯಲ್ಲಿ ಏನಿದ್ದರೂ ಕಾಣೋದಿಲ್ಲ. ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದುಕೊಂಡವರು ಇದ್ದಾರಲ್ಲ, ಮೂರು ಬೆರಳು ಬಾಯಿಗೆ ಹೋಗದವರು, ಅವರ ಕೆನ್ನೆಯಲ್ಲಿ ಕೊಲಾಜೆನ್ ಕಟ್ಟಿಕೊಂಡು ಹಗ್ಗದಂತಾಗಿರುತ್ತದೆ. ಅದೂ ಹೊಳೆಯುತ್ತದೆ. ಅಂದರೆ ಯಾರಿಗೆ ಅಪಾಯ ಜಾಸ್ತಿಯೋ ಅವರ ಬಾಯಲ್ಲೇ ಈ ಲೈಟು ಮೋಸ ಮಾಡೋದೂ ಜಾಸ್ತಿ.

ಈ ಮೋಸಕ್ಕೆ ನಾನೂ ಬಿದ್ದಿದ್ದೇನೆ. ವೃತ್ತಿಯ ಮೊದಲ ವರ್ಷಗಳು. ಲೈಟು ಹೊಸದಾಗಿ ಬಂದಿತ್ತು, ನನಗೂ ಹೊಸ ಆಟದ ಸಾಮಾನು ಸಿಕ್ಕಷ್ಟು ಖುಷಿ. ಲಾರಿ ಓಡಿಸುವವರೊಬ್ಬರು ಬಂದರು. ಕೆಳದವಡೆ ಪಕ್ಕ ಬಿಳಿ ಮಚ್ಚೆ. ಲೈಟಿನಲ್ಲಿ ಹಸಿರು, ಸ್ವಲ್ಪ ಜಾಸ್ತಿಯೇ ಹಸಿರು. ಆರು ತಿಂಗಳು ಬಿಟ್ಟು ಬನ್ನಿ ಅಂದೆ. ಅವರು ಮಾತು ತಪ್ಪಲಿಲ್ಲ, ಸರಿಯಾಗಿ ಆರು ತಿಂಗಳಿಗೇ ಬಂದರು. ಅಷ್ಟರಲ್ಲಿ ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಅವತ್ತಿನಿಂದ ಅನುಮಾನದ ಮಚ್ಚೆ ಕಂಡರೆ ಲೈಟು ಏನು ಹೇಳಿದರೂ ನಾನು ಚೂರು ತೆಗೆಯುತ್ತೇನೆ. ಅತಿ ಅನ್ನುವವರು ಅನ್ನಲಿ.

ಇನ್ನು ನಿಮ್ಮ ದೊಡ್ಡಪ್ಪನ ಮಾತು. ಬಾಯಿಯ ಬಯಾಪ್ಸಿಯಿಂದ ಕ್ಯಾನ್ಸರ್ ಹರಡೋದಿಲ್ಲ. ಹಾಗೆ ಅನ್ನಿಸೋದಕ್ಕೆ ಕಾರಣ ಇದೆ. ಜನ ಲಿಂಬೆಕಾಯಿಯಷ್ಟು ಹುಣ್ಣಾದ ಮೇಲೆ ಬರುತ್ತಾರೆ, ಅಷ್ಟರಲ್ಲಿ ಅದು ಹರಡಿಯೇ ಇರುತ್ತದೆ, ಹೆಸರು ಮಾತ್ರ ಬಯಾಪ್ಸಿಗೆ. ನಾವು ತೆಗೆಯೋದು ಅರ್ಧ ಕಡಲೆಬೇಳೆಯಷ್ಟು ಚೂರು. ಮರಗಟ್ಟುವ ಇಂಜೆಕ್ಷನ್, ಒಂದೋ ಎರಡೋ ಹೊಲಿಗೆ, ಅವತ್ತು ತಣ್ಣಗಿನ ಮೊಸರನ್ನ. ಅಷ್ಟೇ. ಇದಕ್ಕೆ ಹೆದರಿ ಯಾವುದೋ ಸೊಪ್ಪಿನ ರಸ ಹಚ್ಚಿಸಿ ಮಚ್ಚೆ ಸುಡಿಸಿಕೊಂಡು ಬರುತ್ತಾರೆ. ಸುಟ್ಟ ಜಾಗದಿಂದ ತೆಗೆದ ಚೂರಿನಲ್ಲಿ ಪೆಥಾಲಜಿಯವರಿಗೆ ಏನು ಸಿಗಬೇಕು? ಔಷಧಿ ಹಚ್ಚಿದವನು ಮುಂದಿನ ಊರಿನ ಸಂತೆಯಲ್ಲಿರುತ್ತಾನೆ.

ಹಾಗಾದರೆ ಲೈಟು ದಂಡವಾ ಅಂದರೆ, ಅಲ್ಲ. ನನ್ನ ರೂಮಿನಲ್ಲೂ ಒಂದಿದೆ. ದೊಡ್ಡ ಮಚ್ಚೆಯಲ್ಲಿ ಚೂರು ಎಲ್ಲಿಂದ ತೆಗೆಯಬೇಕು ಅನ್ನೋದಕ್ಕೆ ಅದು ದಾರಿ ತೋರಿಸುತ್ತದೆ. ಬರಿಗಣ್ಣಿಗೆ ಕಾಣದೆ ಪಕ್ಕಕ್ಕೆ ಹಬ್ಬಿದ್ದನ್ನೂ ಕೆಲವು ಸಲ ತೋರಿಸುತ್ತದೆ. ಇಂದೋರಿನ ರಾಜಾ ರಾಮಣ್ಣ ಸಂಶೋಧನಾ ಕೇಂದ್ರದವರು ಇದೇ ತತ್ವದ ಮೇಲೆ ಆಂಕೋಡಯಾಗ್ನೋಸ್ಕೋಪ್ ಅನ್ನುವ ಕೈಚೀಲದಲ್ಲಿ ಒಯ್ಯುವಂಥ ಯಂತ್ರ ಮಾಡಿದ್ದಾರೆ, ಒಳ್ಳೆಯ ಕೆಲಸ. ಆದರೆ ಅತಿ ನಂಬಿಕೆ ಬೇಡ. ಗಡ್ಡೆಯ ಅಂಚು ಎಲ್ಲಿಯವರೆಗೆ ಕತ್ತರಿಸಬೇಕು ಅನ್ನೋದನ್ನು ಈ ಲೈಟಿನಿಂದ ಗುರುತಿಸಿದರೆ ಕ್ಯಾನ್ಸರ್ ಮರುಕಳಿಸೋದು ಕಡಿಮೆಯಾಗುತ್ತದೆ ಅಂತ ಕೆನಡಾದವರು ಬಹಳ ಆಸೆಯಿಂದ ಪರೀಕ್ಷೆ ಮಾಡಿದರು. 2020ರಲ್ಲಿ ಫಲಿತಾಂಶ ಬಂತು. ವ್ಯತ್ಯಾಸ ಇಲ್ಲ. ಅದೇ ನಮ್ಮ ಪಕ್ಕದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಸಾದಾ ಬೆಳಕಿನಲ್ಲಿ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ತಂಬಾಕು, ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಸಾದಾ ಬೆಳಕು, ಎರಡು ಕಣ್ಣು. ಅದನ್ನು ಮಾರೋಕೆ ಯಾವ ಕಂಪನಿಯೂ ಬರೋದಿಲ್ಲ, ಅದಕ್ಕೇ ನಿಮಗೆ ಗೊತ್ತಿಲ್ಲ.

ಪ್ರಶ್ನೆ: ನಾನು ತಂಬಾಕು ಮುಟ್ಟೋದಿಲ್ಲ, ಬರೀ ಅಡಿಕೆ. ನನಗೆ ಭಯ ಇಲ್ಲ ತಾನೇ? — ತೀರ್ಥಹಳ್ಳಿ

ಉತ್ತರ: ಇದೆ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ಮನೆಯಲ್ಲೂ ತೋಟ ಇದೆ ಸ್ವಾಮಿ, ಈ ಮಾತಿಗೆ ಅಪ್ಪನ ಹತ್ತಿರ ಬೈಸಿಕೊಂಡಾಗಿದೆ.

ಪ್ರಶ್ನೆ: ಲೈಟಿನಲ್ಲಿ ನನ್ನ ನಾಲಿಗೆ ಕಿತ್ತಳೆ ಬಣ್ಣ ಕಂಡಿತು. ಮೂರು ದಿನದಿಂದ ನಿದ್ದೆ ಇಲ್ಲ. — ಹಾಸನ

ಉತ್ತರ: ಬ್ಯಾಕ್ಟೀರಿಯಾ. ನಾಲಿಗೆ ಉಜ್ಜಿ, ಮಲಗಿ.

ಪ್ರಶ್ನೆ: ಅಣ್ಣನಿಗೆ ನಾಲಿಗೆ ಕ್ಯಾನ್ಸರ್, ಕುತ್ತಿಗೆಯಲ್ಲೂ ಗಂಟಿದೆ. ಆಪರೇಷನ್ ಇಲ್ಲದೆ ಬೆಳಕಿನಲ್ಲೇ ಕ್ಯಾನ್ಸರ್ ಸುಡುವ ಚಿಕಿತ್ಸೆ ವಿದೇಶದಲ್ಲಿ ಇದೆಯಂತೆ. ಕಾಯಬಹುದಾ? — ಕಲಬುರಗಿ

ಉತ್ತರ: ಇದೆ, ಆದರೆ ನಿಮ್ಮ ಅಣ್ಣನಿಗೆ ಅಲ್ಲ. ಕಾಯಬೇಡಿ.

ಅದು ಸುಡೋದೂ ಅಲ್ಲ. ಬೆಳಕಿಗೆ ಕೆರಳುವ ಒಂದು ಔಷಧಿ ಕೊಡುತ್ತಾರೆ. ಅದು ಗಡ್ಡೆಯಲ್ಲಿ ಸೇರಿಕೊಂಡ ಮೇಲೆ ಕೆಂಪು ಲೇಸರ್ ಬಿಡುತ್ತಾರೆ. ಔಷಧಿ, ಬೆಳಕು, ಅಲ್ಲಿನ ಆಮ್ಲಜನಕ ಮೂರೂ ಸೇರಿದಾಗ ಕೋಶ ಸಾಯುತ್ತದೆ. ಫೋಟೋಫ್ರಿನ್ ಅನ್ನುವ ಔಷಧಿಗೆ 1993ರಲ್ಲಿ ಕೆನಡಾ, 1995ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಬಾಯಿ-ಕುತ್ತಿಗೆ ಕ್ಯಾನ್ಸರಿಗೆ ಯುರೋಪಿನಲ್ಲಿ ಫೋಸ್ಕಾನ್ ಅನ್ನುವ ಇಂಥದೇ ಔಷಧಿ 2001ರಲ್ಲಿ ಬಂತು, ಅದೂ ಬೇರೆ ದಾರಿ ಮುಗಿದವರ ಕಷ್ಟ ಕಡಿಮೆ ಮಾಡೋದಕ್ಕೆ. ಬೆಳಕು ಮಾಂಸದೊಳಗೆ ಇಳಿಯೋದು ಒಂದು ಸೆಂಟಿಮೀಟರಿನ ಒಳಗೇ. ಕುತ್ತಿಗೆಯ ಗಂಟಿಗೆ ಅದು ಮುಟ್ಟೋದೇ ಇಲ್ಲ. ಮೇಲಿಂದ, ಫೋಟೋಫ್ರಿನ್ ತೆಗೆದುಕೊಂಡವರು ಕನಿಷ್ಠ ಒಂದು ತಿಂಗಳು ಬಿಸಿಲಿಗೆ ಬರುವಂತಿಲ್ಲ, ಬಂದರೆ ಮೈ ಬೊಬ್ಬೆ ಏಳುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಪರದೆ ಎಳೆದು ಕೂರೋದನ್ನು ಸುಮ್ನೆ ಊಹಿಸಿ ನೋಡಿ. ಆಪರೇಷನ್ ತಾರೀಖು ಕೊಟ್ಟಿದ್ದಾರೆ ಅಂದರೆ ಆ ದಿನ ಹೋಗಿ.

ಪ್ರಶ್ನೆ: ಅಮ್ಮನಿಗೆ ಮೆದುಳಿನ ಗಡ್ಡೆ, ಗ್ಲಯೋಮ. ಆಪರೇಷನ್‌ಗೆ ಮುಂಚೆ ಏನೋ ಕುಡಿಸಿ ಗಡ್ಡೆ ಹೊಳೆಯುವ ಹಾಗೆ ಮಾಡುತ್ತೇವೆ ಅಂದರು. ವಿಷ ಇರಬಹುದಾ? — ಮೈಸೂರು

ಉತ್ತರ: ಮೆದುಳು ನನ್ನ ಕ್ಷೇತ್ರ ಅಲ್ಲ. ನ್ಯೂರೋಸರ್ಜನ್ ಗೆಳತಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ವಿಷ ಅಲ್ಲ. ಅದು 5-ಎಎಲ್‌ಎ, ರಕ್ತದ ಕೆಂಪು ಬಣ್ಣ ತಯಾರಿಸಲು ನಮ್ಮ ದೇಹವೇ ಮಾಡಿಕೊಳ್ಳುವ ವಸ್ತು. ಆಪರೇಷನ್‌ಗೆ ಸುಮಾರು ಮೂರು ಗಂಟೆ ಮುಂಚೆ ಕುಡಿಸುತ್ತಾರೆ. ಇಂಥ ಗಡ್ಡೆಯ ಕೋಶಗಳು ಅದನ್ನು ಪಾರ್ಫಿರಿನ್ ಅನ್ನುವ ಹೊಳೆಯುವ ವಸ್ತುವಾಗಿ ಮಾಡಿ ಕೂಡಿಟ್ಟುಕೊಳ್ಳುತ್ತವೆ. ನೀಲಿ ಬೆಳಕಿನಲ್ಲಿ ನೋಡಿದರೆ ಗಡ್ಡೆ ಕೆಂಪು, ಸುತ್ತಲಿನ ಮೆದುಳು ನೀಲಿ. ಬಾಯಿಯ ಲೈಟಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಹೊಳಪು ಹೋದ ಜಾಗ ಹುಡುಕಬೇಕು, ಇಲ್ಲಿ ಗಡ್ಡೆಯೇ ಹೊಳೆಯುತ್ತದೆ. 2006ರ ಜರ್ಮನ್ ಪರೀಕ್ಷೆಯಲ್ಲಿ ಸ್ಕ್ಯಾನಿನಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲು ಆದದ್ದು ಈ ವಿಧಾನದಲ್ಲಿ 65%, ಸಾದಾ ಲೈಟಿನಲ್ಲಿ 36%. ರೋಗ ಮತ್ತೆ ಬೆಳೆಯೋದು ತಡವಾಯಿತು, ಆದರೆ ಆಯುಷ್ಯ ಹೆಚ್ಚಿತು ಅನ್ನೋದಕ್ಕೆ ಆ ಪರೀಕ್ಷೆಯಲ್ಲಿ ಗಟ್ಟಿ ಪುರಾವೆ ಸಿಗಲಿಲ್ಲ. ಒಂದೆರಡು ದಿನ ಅಮ್ಮನನ್ನು ಬಿಸಿಲು, ಜೋರು ಲೈಟಿನಿಂದ ದೂರ ಇಡಿ. ಐಸಿಯುನಲ್ಲಿ ಕಿಟಕಿ ಪಕ್ಕದ ಹಾಸಿಗೆ ಕೊಟ್ಟರೆ ಬೇಡ ಅನ್ನಿ.

ಪ್ರಶ್ನೆ: ಅರಿಶಿನ ಹಾಲು ಕುಡಿದು ಎಳೆಬಿಸಿಲಿಗೆ ಬಾಯಿ ತೆರೆದು ಕೂತರೆ ಕ್ಯಾನ್ಸರ್ ಕೋಶ ಸಾಯುತ್ತವೆ ಅಂತ ವಿಡಿಯೋ ನೋಡಿದೆ. — ಬೆಂಗಳೂರು

ಉತ್ತರ: ಬಾಯೊಳಗೆ ನೊಣ ಹೋಗಬಹುದು, ಅಷ್ಟೇ.

ಪ್ರಶ್ನೆ: ಆನ್‌ಲೈನಲ್ಲಿ ಸಿಗುವ ಕೆಂಪು ಲೈಟಿನ ಬೆಲ್ಟ್ ಗಡ್ಡೆ ಕರಗಿಸುತ್ತಾ? — ಉಡುಪಿ

ಉತ್ತರ: ಇಲ್ಲ. ರೇಡಿಯೇಷನ್‌ನಿಂದ ಬಾಯಿ ಹುಣ್ಣಾಗದಿರಲಿ ಅಂತ ಆಸ್ಪತ್ರೆಯಲ್ಲಿ ಕೆಂಪು ಲೇಸರ್ ಕೊಡೋದು ಬೇರೆ, ಅದು ಗಡ್ಡೆಗಲ್ಲ.

ಪ್ರಶ್ನೆ: ಮನೆಗೇ ಒಂದು ನೀಲಿ ಟಾರ್ಚ್ ತರಿಸಿಕೊಂಡು ನೋಡಿಕೊಳ್ಳಬಹುದಾ? — ಶಿರಸಿ

ಉತ್ತರ: ತರಿಸಬೇಡಿ. ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಎಲ್ಲವೂ ನೀಲಿಯೇ ಕಾಣೋದು, ಕಣ್ಣಿಗೂ ಕೇಡು. ಮೊಬೈಲಿನ ಟಾರ್ಚ್, ಮುಖ ನೋಡುವ ಕನ್ನಡಿ ಸಾಕು. ತಿಂಗಳಿಗೊಮ್ಮೆ, ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಮೇಲೆ. ಕೆನ್ನೆಯನ್ನು ಬೆರಳಿಂದ ಹೊರಗೆಳೆದು ಎರಡೂ ಕಡೆ ನೋಡಿ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಎಳೆದು ಅಂಚು ನೋಡಿ, ಮೇಲೆತ್ತಿ ಅಡಿ ನೋಡಿ. ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗವನ್ನು ಮಾತ್ರ ಜನ ನೋಡೋದೇ ಇಲ್ಲ. ಕೆಳತುಟಿ ಮಡಚಿ ಅದನ್ನೂ ನೋಡಿ. ಬಿಳಿ, ಕೆಂಪು ಅಥವಾ ಗಟ್ಟಿ ಜಾಗ ಕಂಡರೆ ತಾರೀಖು ಬರೆದಿಡಿ. ಎರಡು ವಾರ ಕಳೆದರೂ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಬಾಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡು ಹೋಗಬೇಡಿ ಮಾರಾಯ್ರೇ, ಆ ಕೆಂಪಿನಲ್ಲಿ ನಮಗೆ ಏನೂ ಕಾಣೋದಿಲ್ಲ.