ಗುಡ್ಡದ ಹೆಸರೇ ‘ಡೌನ್’

ಪತ್ರ: ಮಗಳಿಗೆ ಇಂಗ್ಲಿಷ್ ಪಾಠ ಹೇಳಿಕೊಡುವಾಗ ಸಿಕ್ಕಿಬಿದ್ದೆ. ‘ಸ್ಲೋ ಡೌನ್’ ಅಂದರೂ ನಿಧಾನ, ‘ಸ್ಲೋ ಅಪ್’ ಅಂದರೂ ನಿಧಾನ. ಅಪ್ ಅಂದರೆ ಮೇಲೆ, ಡೌನ್ ಅಂದರೆ ಕೆಳಗೆ ಅಂತ ಕಲಿಸಿದವಳೇ ನಾನು. ಈಗ ಏನು ಹೇಳಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕಲಿಸಿದ್ದು ತಪ್ಪೇನಲ್ಲ. ಆದರೆ ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡ ‘ಅಪ್’ ಮೇಲಕ್ಕೇ ಹೋಗಬೇಕು ಅಂತಿಲ್ಲ. ‘ಈಟ್ ಅಪ್’ ಅಂದರೆ ತಟ್ಟೆ ಖಾಲಿ ಮಾಡು. ‘ಯೂಸ್ ಅಪ್’ ಅಂದರೆ ಪೂರ್ತಿ ಬಳಸಿಬಿಡು. ನಮ್ಮ ‘ತಿಂದುಬಿಡು’, ‘ಮುಗಿಸಿಬಿಡು’ ನೋಡಿ. ಅಲ್ಲಿ ನಾವು ಏನನ್ನಾದರೂ ಬಿಡುತ್ತೇವಾ? ಇಲ್ವಲ್ಲ! ಆ ‘ಬಿಡು’ ಮಾಡುವ ಕೆಲಸವನ್ನೇ ಎಷ್ಟೋ ಕಡೆ ‘ಅಪ್’ ಮಾಡುತ್ತದೆ. ಮನೆಗೆ ಬೆಂಕಿ ಬಿದ್ದು ಮಾಡು ಕುಸಿದರೆ ‘ಬರ್ನ್ ಡೌನ್’. ಒಳಗಿದ್ದ ಕಾಗದಪತ್ರ ಒಂದೂ ಉಳಿಯದೆ ಸುಟ್ಟರೆ ‘ಬರ್ನ್ ಅಪ್’.

ಇಂಗ್ಲೆಂಡಿನವರ ಲೆಕ್ಕ ಇನ್ನೂ ತಮಾಷೆ. ಅಲ್ಲಿ ಲಂಡನ್ನಿಗೆ ಹೋಗುವ ರೈಲು ಸಾಮಾನ್ಯವಾಗಿ ‘ಅಪ್’, ಲಂಡನ್ ಬಿಟ್ಟು ಹೊರಟದ್ದು ‘ಡೌನ್’. ಎಡಿನ್‌ಬರಾದಿಂದ ನಕಾಶೆಯಲ್ಲಿ ಕೆಳಗೆ ಇಳಿದು ಬಂದರೂ ಅದು ಅಪ್ ರೈಲೇ. ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಓದಲು ಸೇರುವವರು ‘ಗೋ ಅಪ್’ ಮಾಡುತ್ತಾರೆ. ‘ಸೆಂಟ್ ಡೌನ್’ ಅಂದರೆ ಅಲ್ಲಿಂದ ಹೊರಗೆ ಹಾಕಿದರು ಅಂತ. ಅದೇ ಮಾತು ಕೋರ್ಟಿನ ಸುದ್ದಿಯಲ್ಲಿ ಬಂದರೆ ಜೈಲು!

ಈಚಿನ ಹುಡುಗರದ್ದು ಕೇಳಲೇಬೇಡಿ. ಸಿನಿಮಾಕ್ಕೆ ಬರ್ತೀಯಾ ಅಂದರೆ ‘ಐ ಆಮ್ ಅಪ್ ಫಾರ್ ಇಟ್’ ಅಂದರೂ ರೆಡಿ, ‘ಐ ಆಮ್ ಡೌನ್’ ಅಂದರೂ ರೆಡಿ. ‘ಫೀಲಿಂಗ್ ಡೌನ್’ ಅಂದರೆ ಮಾತ್ರ ಬೇಜಾರು.

ನನಗೆ ಇದರಲ್ಲೆಲ್ಲ ಜಾಸ್ತಿ ಇಷ್ಟವಾದದ್ದು ‘ಡೌನ್’ ಹುಟ್ಟಿದ ಕಥೆ. ಇಂಗ್ಲೆಂಡಿನ ದಕ್ಷಿಣ ತೀರದ ಹತ್ತಿರ ಸೌತ್ ಡೌನ್ಸ್ ಅಂತ ಇದೆ. ಹೆಸರು ಕೇಳಿ ತಗ್ಗು ಪ್ರದೇಶ ಅಂದುಕೊಳ್ಳಬೇಡಿ, ಅದು ಸುಣ್ಣಕಲ್ಲಿನ ಗುಡ್ಡಸಾಲು. ಅದರ ಒಂದು ತುದಿ ಬೀಚಿ ಹೆಡ್, ಸಮುದ್ರದಿಂದ ಸುಮಾರು 162 ಮೀಟರ್ ಎತ್ತರಕ್ಕೆ ಬೆಳ್ಳಗೆ ನಿಂತಿದೆ. ಹಳೆಯ ಇಂಗ್ಲಿಷಿನಲ್ಲಿ ‘ಡೂನ್’ ಅಂದರೆ ಗುಡ್ಡ. ‘ಆಫ್ ಡೂನೆ’ ಅಂದರೆ ಗುಡ್ಡದಿಂದ. ಗುಡ್ಡದಿಂದ ಹೊರಟವರು ಹೋಗುವುದು ಕೆಳಕ್ಕೇ ತಾನೆ? ಹೇಳಿ ಹೇಳಿ ಮೊದಲಿನ ‘ಆಫ್’ ತುಂಡು ಸವೆದುಹೋಯಿತು. ಬರೀ ಗುಡ್ಡ ಉಳಿಯಿತು, ಅದರ ಅರ್ಥ ‘ಕೆಳಗೆ’ ಅಂತಾಯಿತು.

ಮಗಳಿಗೆ ಹೀಗೆ ಹೇಳಿ ನೋಡಿ. ನೀವು ಕುಮಟೆಗೆ ಹೊರಟಾಗ ‘ಘಟ್ಟ ಇಳಿದು ಬರ್ತೇನೆ’ ಅನ್ನುತ್ತೀರಿ, ಅಲ್ವಾ? ಆ ‘ಇಳಿದು’ ಬಾಯಲ್ಲೇ ಕರಗಿ, ನಾಳೆ ‘ಘಟ್ಟ’ ಅಂದರೇ ಕೆಳಗೆ ಅಂತಾದರೆ ಹೇಗಿರುತ್ತದೋ, ಹಾಗೆ.